ಪಾಯ ನೋಡದೆ ಬರೆದ ವರದಿ

ಮೇ ತಿಂಗಳ ಒಂದು ಮಧ್ಯಾಹ್ನ ಗುಡಗೇರಿಯಲ್ಲಿ ಖಾನಾವಳಿ ನಡೆಸುವ ಹೆಂಗಸೊಬ್ಬರು ಕುಂದಗೋಳದ ನನ್ನ ಕಚೇರಿಗೆ ಬಂದರು. ಎಂಜಿನಿಯರ್ ಮೇಡಂ ನಾನೇ ಎಂದು ಖಾತ್ರಿ ಮಾಡಿಕೊಂಡು, ಕೂಡುವ ಮೊದಲೇ ಕೇಳಿದರು: "ಬಾಯಾರ, ಮನಿ ಕಟ್ಟಸಾಕ ಎಂಜಿನಿಯರ್ ಬೇಕಂತ ಗೊತ್ತೈತ್ರಿ. ಕಟ್ಟಿದ ಮನಿ ತಗೊಳ್ಳಾಕೂ ಎಂಜಿನಿಯರ್ ಬರ್ತಾರೇನ್ರಿ?"

ಬರುತ್ತಾರೆ ಎಂದೆ. ನಿಜ ಹೇಳಬೇಕೆಂದರೆ ನಮ್ಮ ಕಡೆ ಆ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಮನೆ ಕೊಳ್ಳುವವರು ಉತಾರದಲ್ಲಿ ಹಕ್ಕು ಯಾರ ಹೆಸರಿಗಿದೆ ನೋಡುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆ ನೋಡುತ್ತಾರೆ, ನಳದಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ ಎಂದು ವಿಚಾರಿಸುತ್ತಾರೆ. ಗೋಡೆಯ ಬಗ್ಗೆ ಕೇಳುವವರು ಇಲ್ಲವೇ ಇಲ್ಲ ಎನ್ನಬೇಕು. ಹಾಗಾಗಿ ಆಕೆಯ ಪ್ರಶ್ನೆ ನನಗೆ ಹಿಡಿಸಿತು.

ಆಕೆ ಸ್ಟೇಷನ್ ರಸ್ತೆಯಲ್ಲಿ ಬಾಡಿಗೆ ಜಾಗದಲ್ಲಿದ್ದರು. ಊಟ ಬಡಿಸುವುದರ ಜೊತೆಗೆ ರೊಟ್ಟಿ ಬಡಿದು ಹುಬ್ಬಳ್ಳಿಯ ಅಂಗಡಿಗಳಿಗೆ ಕಳಿಸುತ್ತಿದ್ದರು. ಏಳು ಮಂದಿ ಹೆಂಗಸರು ಅವರ ಜೊತೆ ದುಡಿಯುತ್ತಿದ್ದರು. ಒಲೆಯ ಹೊಗೆ, ಬಡಿಯುವ ಸಪ್ಪಳ, ಹೆಂಗಸರ ಗದ್ದಲ ಎಂದು ಈ ಮೊದಲು ಎರಡು ಜಾಗ ಬಿಡಬೇಕಾಗಿ ಬಂದಿತ್ತು. ಈಗಿನ ಮಾಲೀಕರೂ ದೀಪಾವಳಿಯೊಳಗೆ ಖಾಲಿ ಮಾಡಿರೆಂದು ಹೇಳಿದ್ದರು.

"ಮಾಸ್ತರ್ರ ಮನಿ ಮಾರಾಕ ಐತ್ರಿ. ಅಡಗಿಮನಿ ಅಗದಿ ದೊಡ್ಡದು. ಆರು ಒಲಿ ಸಾಲಾಗಿ ಹಚ್ಚಬಹುದು. ಆದ್ರ ಹಿಂದಿನ ಗ್ವಾಡಿ ಸೀಳೇತ್ರಿ. ಊರಾಗ ಎಲ್ಲಾರೂ ಬೀಳ್ತೈತಿ ಅಂತಾರ. ಖರೇನ ಬೀಳ್ತೈತೋ ಇಲ್ಲೋ ನೀವು ನೋಡಿ ಹೇಳ್ರಿ. ನನ್ನ ಕೂಡ ಏಳು ಮಂದಿ ಹೆಣ್ಣಮಕ್ಕಳು ಆ ಗ್ವಾಡಿ ಬುಡಕ್ಕ ಕುಂದರೋರು."

ಮರುದಿನ ಬೆಳಿಗ್ಗೆಯೇ ಹೋದೆ. ಜೊತೆಗೆ ನನ್ನ ಕೆಲಸಗಳನ್ನು ಮಾಡಿಕೊಡುವ ಹಿರಿಯ ಗೌಂಡಿ ಚಾಚಾ ಬಂದಿದ್ದರು. ನಲವತ್ತು ವರ್ಷಗಳಿಂದ ಈ ಸೀಮೆಯಲ್ಲಿ ಗೋಡೆ ಕಟ್ಟುತ್ತಿರುವವರು.

ಮನೆಯ ಮಾಲೀಕರು ನಿವೃತ್ತ ಮುಖ್ಯೋಪಾಧ್ಯಾಯರು. ಕುಬಿಹಾಳದಲ್ಲಿ ಹೊಲದ ಹತ್ತಿರವೇ ಹೊಸ ಮನೆ ಕಟ್ಟಿಕೊಂಡು ಹೆಂಡತಿಯೊಡನೆ ಅಲ್ಲಿಗೆ ಹೋಗಿದ್ದರು. ಬೀಗ ತೆಗೆಯಲು ಬಂದವರು ಬಿಳಿ ಅಂಗಿಯ ತೋಳು ಮಡಿಸದೆ, ಶಾಲೆ ತನಿಖೆಗೆ ಬಂದ ಅಧಿಕಾರಿಯನ್ನು ನೋಡುವಂತೆ ನನ್ನನ್ನು ನೋಡಿದರು.

ಮನೆ ಹೊರಗಿನಿಂದ ಚೆನ್ನಾಗಿತ್ತು. ಕಲ್ಲಿನ ಕಟ್ಟೆಯ ಮೇಲೆ ಇಟ್ಟಿಗೆಯ ದಪ್ಪ ಗೋಡೆಗಳು, ಮೇಲೆ ಕಾಂಕ್ರೀಟಿನ ಛಾವಣಿ. ಸುತ್ತಲೂ ಒಂದೇ ತಿಳಿಹಳದಿ ಬಣ್ಣ. ಹಿಂಬದಿಯ ಅಡುಗೆಮನೆಗೆ ಹೋದೊಡನೆ ಸೀಳು ಕಾಣಿಸಿತು. ಕಿಟಕಿಯ ಮೂಲೆಯಿಂದ ಹೊರಟು, ಮೆಟ್ಟಿಲು ಹತ್ತಿದ ಹಾಗೆ ಇಟ್ಟಿಗೆಯಿಂದ ಇಟ್ಟಿಗೆಗೆ ಏರಿ ಛಾವಣಿ ಮುಟ್ಟಿತ್ತು. ಕೆಳಗೆ ಕೂದಲೆಳೆಯಷ್ಟು, ಮೇಲೆ ನನ್ನ ಕಿರುಬೆರಳು ಹೋಗುವಷ್ಟು. ಬಚ್ಚಲಿಗೆ ಹೋಗುವ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಚಾಚಾ ಭುಜ ಕೊಟ್ಟು ತಳ್ಳಿದಾಗ ತೆರೆಯಿತು.

ನೀರು ತುಂಬಿದ ಲೆವೆಲ್ ಪೈಪು ಹಿಡಿದು ನೆಲ ಅಳೆದೆವು. ಅಡುಗೆಮನೆಯ ನೆಲ ಬಚ್ಚಲಿನ ಕಡೆಗೆ ಒಂದಿಂಚಿಗೂ ಹೆಚ್ಚು ಇಳಿದಿತ್ತು. ಉಳಿದ ಮೂರು ಕೋಣೆಗಳಲ್ಲಿ ಗೋಡೆ ಬಡಿದು ನೋಡಿದೆ, ಸೀಳುಗಳಿರಲಿಲ್ಲ. ಅದನ್ನೂ ಬರೆದುಕೊಂಡೆ.

"ಮಾಸ್ತರ್ರ, ಈ ಸೀಳು ಯಾವಾಗಿಂದ ಐತ್ರಿ?"

"ಏಳೆಂಟು ವರ್ಷ ಆತು. ಬ್ಯಾಸಗ್ಯಾಗ ಬಾಯಿ ತೆರಿತೈತಿ, ಮಳಿಗಾಲದಾಗ ಕೂಡಿಕೋತೈತಿ. ಸಿಮೆಂಟ ತುಂಬಿಸಿದೆ, ಮತ್ತ ಬಿಡ್ತು."

ಅದು ಎರೆ ಮಣ್ಣಿನ ಗುಣ. ನಮ್ಮ ಕಪ್ಪು ನೆಲ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಕಾಲು ಸಿಕ್ಕುವಷ್ಟು ಬಿರಿಯುತ್ತದೆ. ಅದರ ಮೇಲೆಯೇ ಪಾಯ ಕೂತಿದ್ದರೆ ಮನೆ ವರ್ಷವಿಡೀ ಏರಿಳಿಯುತ್ತಿರುತ್ತದೆ. ಎರೆಯನ್ನು ದಾಟಿ ಕೆಳಗೆ ಉಬ್ಬದೆ ಕುಗ್ಗದೆ ಇರುವ ಕಲ್ಲುಮಣ್ಣಿನ ಗಟ್ಟಿ ಪದರದ, ಅಂದರೆ ಗರಸಿನ ತನಕ ಪಾಯ ಇಳಿಸಿದ್ದರೆ ಚಿಂತೆಯಿಲ್ಲ.

"ಪಾಯಾ ಎಷ್ಟು ಆಳ ಹಾಕೀರ್ರಿ?"

"ಗರಸಿನ ತನಕಾ ಹೋಗೈತಿ. ನಾನ ನಿಂತು ಹಾಕಿಸೇನಿ."

ಮನೆ ಮಾರುವವರೆಲ್ಲ ಹೇಳುವ ಮಾತು ಅದು. "ಮೂಲ್ಯಾಗ ಒಂದು ಗುಂಡಿ ಅಗದು ನೋಡಬಹುದೇನ್ರಿ?" ಎಂದೆ.

ಅವರ ಮುಖ ಬಿಗಿಯಿತು. "ನಾ ಹೇಳಿದ ಮ್ಯಾಲೂ ಅಗೀಬೇಕೇನ್ರಿ? ಮೂವತ್ನಾಕು ವರ್ಷ ಸಾಲಿ ಕಲಿಸೇನಿ, ಸುಳ್ಳು ಹೇಳಿ ಮನಿ ಮಾರೂ ಗರಜ ನನಗಿಲ್ಲ. ನನ್ನ ಅಂಗಳದಾಗ ಗುದ್ದಲಿ ಹಚ್ಚಾಂಗಿಲ್ಲ."

ನಾನು ಒತ್ತಾಯಿಸಲಿಲ್ಲ. ಅಗೆಯಲು ಬಿಡದವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಚಾಚಾ ಮಾತ್ರ ಹಿಂದಿನ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಗೋಡೆಗೆ ಬಳಿದ ಸಿಮೆಂಟಿನ ಗಿಲಾಯಿ, ಬಣ್ಣ ಎಲ್ಲ ಒಂದೇ ಸಮನಾಗಿದ್ದವು. ಏನೂ ಹೇಳದೆ ಎದ್ದು ಬಂದರು.

ಅಂದು ಸಂಜೆಯೇ ಎರಡು ಪುಟದ ವರದಿ ಬರೆದೆ. ಸೀಳಿನ ಅಳತೆ, ನೆಲದ ಇಳಿಜಾರು, ಬಾಗಿಲಿನ ಸ್ಥಿತಿ. ಕೊನೆಗೆ: "ಪಾಯವು ಎರೆ ಮಣ್ಣಿನ ಮೇಲೆ ಇರುವುದರಿಂದ ಹಿಂದಿನ ಮೂಲೆ ಕುಸಿಯುತ್ತಿದೆ. ಮನೆ ವಾಸಕ್ಕೆ ಸುರಕ್ಷಿತವಲ್ಲ. ಕೊಳ್ಳುವುದು ಬೇಡ." ಸಹಿ ಮಾಡಿ ಠಸ್ಸೆ ಒತ್ತಿ ಕಳಿಸಿದೆ. ಒಂದು ಸಂಸಾರವನ್ನು ಅಪಾಯದಿಂದ ತಪ್ಪಿಸಿದೆ ಎಂಬ ಸಮಾಧಾನವೂ ಆಯಿತು.

ನಾಲ್ಕು ದಿನದ ಮೇಲೆ ಖಾನಾವಳಿಯ ಅಕ್ಕ ಮತ್ತೆ ಬಂದರು. ವರದಿಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಮಡಿಕೆ ಬೀಳದಂತೆ ಇಟ್ಟುಕೊಂಡಿದ್ದರು. ಅದರಲ್ಲಿ ಪ್ರತಿ ಸಾಲಿನ ಕೆಳಗೂ ಪೆನ್ಸಿಲಿನ ಗೆರೆ ಇತ್ತು.

"ಪೂರಾ ಓದೇನ್ರಿ ಬಾಯಾರ, ಎರಡೆರಡು ಸಲ ಓದೇನಿ. ಸೀಳು ಎಷ್ಟು ಅಗಲ ಅಂತ ಬರದೀರಿ. ನೆಲಾ ಎಷ್ಟು ಇಳದೈತಿ ಅಂತ ಬರದೀರಿ. ಪಾಯಾ ಎರಿ ಮಣ್ಣಿನ ಮ್ಯಾಲ ಐತಿ ಅಂದೀರಿ. ಅದು ಎಷ್ಟು ಫೂಟ ಆಳ ಐತಿ ಅಂತ ಬರದಿಲ್ಲಲ್ರಿ?"

ಕಾಗದ ತಿರುಗಿಸಿ ನೋಡಿದೆ.

"ಅದನ್ನ ನೋಡಾಕ ಆಗಲಿಲ್ರಿ ಅಕ್ಕಾರ. ಮಾಸ್ತರ್ರು ಅಗ್ಯಾಕ ಬಿಡಲಿಲ್ಲ."

"ಹಂಗಾರ ಎರಿ ಮಣ್ಣಿನ ಮ್ಯಾಲ ಐತಿ ಅನ್ನೂದು ಹೆಂಗ ಗೊತ್ತಾತ್ರಿ?"

ಆಕೆ ನನ್ನನ್ನು ಸಿಕ್ಕಿಸಲು ಕೇಳಿದ್ದಲ್ಲ. ರೊಟ್ಟಿಯ ಹಿಟ್ಟು ಯಾವ ಗಿರಣಿಯದು ಎಂದು ಕೇಳುವಷ್ಟೇ ಸಹಜವಾಗಿ ಕೇಳಿದರು. ನೋಡದ ಸಂಗತಿಯನ್ನು ನೋಡಿದವಳಂತೆ ಬರೆದು ಸಹಿ ಮಾಡಿದ್ದೆ. 'ಇರಬಹುದು' ಎಂಬ ಒಂದು ಪದವನ್ನೂ ಸೇರಿಸಿರಲಿಲ್ಲ.

ಆಕೆಯೇ ಮುಂದುವರಿಸಿದರು. ವರದಿಯನ್ನು ಮಾಸ್ತರರಿಗೆ ತೋರಿಸಿದ್ದರಂತೆ. ಅವರು ಓದಿ, ಕನ್ನಡಕ ತೆಗೆದು, ಹಿಂದಿರುಗಿಸಿದ್ದರಂತೆ. ಸುದ್ದಿ ಊರೆಲ್ಲ ಹಬ್ಬಿ, ಕಾಳಿನ ವ್ಯಾಪಾರಿಯೊಬ್ಬರು ಆ ಮನೆಯನ್ನು ಕೆಡವಿ ಗೋದಾಮು ಕಟ್ಟುವುದಕ್ಕೆ ಕೇಳಿದ್ದರು. ನಾಡಿದ್ದು ಸಂತೆಯ ದಿನ ಮುಂಗಡವಾಗಿ ಸಂಚಕಾರದ ಹಣ ಕೊಡುವ ಮಾತಾಗಿತ್ತು.

"ಬೀಳೂ ಮನೀನ ಆದ್ರ ಕೆಡವಲಿ ಬಿಡ್ರಿ. ಬೀಳದ ಮನೀನ ಕೆಡವಿದ್ರ ಹೊಟ್ಟಿ ಉರೀತೈತಿ," ಎಂದರು.

ಆಕೆ ಹೋದ ಮೇಲೆ ನನ್ನ ಟಿಪ್ಪಣಿಯ ಪುಸ್ತಕ ತೆರೆದು ಮೊದಲಿನಿಂದ ಓದಿದೆ. ಉಳಿದ ಮೂರು ಕೋಣೆಗಳಲ್ಲಿ ಸೀಳಿಲ್ಲ ಎಂದು ನಾನೇ ಬರೆದಿದ್ದೆ. ಮನೆಯ ಸುತ್ತ ಇರುವುದು ಒಂದೇ ಮಣ್ಣು. ಪಾಯವೆಲ್ಲ ಎರೆಯ ಮೇಲೆ ಇದ್ದರೆ ಮೂರು ಕಡೆ ಅಷ್ಟು ವರ್ಷ ಅಲುಗದೆ ಇರುವುದು ಹೇಗೆ? ಇನ್ನೊಂದು ಪುಟದಲ್ಲಿ ಗೋಡೆಗಳ ದಪ್ಪ ಇತ್ತು. ಎಲ್ಲವೂ ಹದಿನಾಲ್ಕು ಇಂಚು, ಬಚ್ಚಲಿನದು ಮಾತ್ರ ಒಂಬತ್ತು. ಅಳೆದದ್ದು ನಾನು, ಬರೆದದ್ದು ನಾನು, ಯೋಚಿಸಿರಲಿಲ್ಲ.

ಚಾಚಾಗೆ ಫೋನು ಮಾಡಿದೆ. "ಅವತ್ತು ಬುಡದಾಗ ಕುಂತು ಏನ್ ನೋಡಾಕತ್ತಿದ್ರಿ ಚಾಚಾ?"

"ಬಚ್ಚಲಾ ಆಮ್ಯಾಲ ಕಟ್ಟಿದ್ದು ಅನಿಸ್ತ್ರಿ ಬಾಯಾರ. ಆದ್ರ ಗಿಲಾಯಿ ಮ್ಯಾಲಿಂದ ಹೆಂಗ ಹೇಳೂದ್ರಿ? ನೀವೂ ಕೇಳಲಿಲ್ಲ, ನಾನೂ ಅನಲಿಲ್ಲ."

ನನ್ನ ಮುಂದೆ ಎರಡು ದಾರಿಗಳಿದ್ದವು. ಸುಮ್ಮನಿದ್ದರೆ ಮನೆ ಗೋದಾಮಾಗುತ್ತಿತ್ತು; ಕೆಡವಿದ ಮನೆಯ ಬಗ್ಗೆ ಬರೆದ ವರದಿ ತಪ್ಪೆಂದು ಯಾರೂ ಎಂದಿಗೂ ಹೇಳುತ್ತಿರಲಿಲ್ಲ. ಮತ್ತೆ ಹೋಗಿ ನೋಡಿದರೆ ತಪ್ಪು ನನ್ನದೆಂದು ಹೊರಬರಬಹುದಿತ್ತು. ಸಣ್ಣ ಊರುಗಳಲ್ಲಿ ಎಂಜಿನಿಯರಿನ ಹೊಟ್ಟೆಪಾಡು ನಡೆಯುವುದು ಮಾತಿನ ಮೇಲೆ. ಒಮ್ಮೆ ಬರೆದು ಮತ್ತೊಮ್ಮೆ ಅಳಿಸುವವಳೆಂಬ ಹೆಸರು ಬಂದರೆ ಕಷ್ಟ. ಆದರೂ ಸ್ಕೂಟರ್ ಹತ್ತಿ ಕುಬಿಹಾಳದ ದಾರಿ ಹಿಡಿದೆ.

ಮಾಸ್ತರರು ಹೊಲದ ಬದುವಿನಲ್ಲಿ ನಿಂತಿದ್ದರು. ಒಳಗೆ ಕರೆಯಲಿಲ್ಲ. ನಾನು ಅಲ್ಲೇ ನಿಂತು ಹೇಳಿದೆ.

"ಮಾಸ್ತರ್ರ, ನಿಮ್ಮ ಮನಿ ಪಾಯಾ ನಾ ನೋಡಿಲ್ಲ. ನೋಡದನ ಬರದೇನಿ. ಅದು ನನ್ನ ತಪ್ಪು. ಒಂದು ಗುಂಡಿ ಅಗ್ಯಾಕ ಬಿಡ್ರಿ. ನೀವು ಹೇಳಿದಂಗ ಗರಸಿನ ತನಕಾ ಇದ್ರ ಮೊದಲಿನ ವರದಿ ವಾಪಸ್ ತಗೋತೇನಿ. ಇಲ್ಲಂದ್ರ ಅದನ್ನೂ ನಿಮ್ಮ ಮುಂದನ ಹೇಳ್ತೇನಿ."

ಅವರು ಬದುವಿನಿಂದ ಇಳಿದು ಬಂದರು. "ಆ ಮನಿ ಕಟ್ಟಿಸೂ ಮುಂದ ಸೂಟಿ ಇದ್ದಾಗೆಲ್ಲಾ ನಾ ಅಲ್ಲೇ ಕುಂತಿದ್ದೆ. ನಿಮ್ಮ ಕಾಗದಾ ಓದಿ, ನಾ ಕಂಡಿದ್ದು ಖರೇನೋ ಸುಳ್ಳೋ ಅಂತ ನನಗ ಸಂಶೆ ಬಂತು. ನಾಳೆ ಮುಂಜಾನೆ ಬರ್ರಿ. ಕೀಲಿ ತರ್ತೇನಿ."

ಬೆಳಿಗ್ಗೆ ಏಳಕ್ಕೆ ಸೇರಿದೆವು. ಚಾಚಾ ಇಬ್ಬರು ಆಳುಗಳನ್ನು ಕರೆತಂದಿದ್ದರು. ಖಾನಾವಳಿಯ ಅಕ್ಕ ಕೆಲಸ ಬಿಟ್ಟು ಬಂದಿದ್ದರು. ಮಾಸ್ತರರು ಕುರ್ಚಿ ಬೇಡವೆಂದು ನಿಂತೇ ಇದ್ದರು. ಸೀಳಿದ್ದ ಮೂಲೆಯಲ್ಲಿ, ಅಡುಗೆಮನೆಯೂ ಬಚ್ಚಲೂ ಸೇರುವ ಕಡೆ ಗುದ್ದಲಿ ಹಾಕಿಸಿದೆ. ಮೇಲಿನ ಮಣ್ಣು ಕಲ್ಲಿನಂತೆ ಗಟ್ಟಿಯಾಗಿತ್ತು. ಒಂದು ಅಡಿ ಇಳಿದ ಮೇಲೆ ಕಪ್ಪು ಹೆಂಟೆಗಳು ಏಳತೊಡಗಿದವು. ಬಚ್ಚಲಿನ ನೀರು ಇಂಗಿ ಒಂದು ಬದಿ ಹಸಿಯಾಗಿತ್ತು.

ಎರಡೂವರೆ ಅಡಿಯಲ್ಲಿ ಪಾಯ ಮುಗಿದುಹೋಯಿತು. ಕೊನೆಯ ಕಲ್ಲಿನ ಕೆಳಗೆ ಬರೀ ಎರೆ. ಆಳೊಬ್ಬ ಹಾರೆ ಚುಚ್ಚಿದರೆ ಬೆಣ್ಣೆಯಲ್ಲಿ ಹೋದಂತೆ ಹೋಯಿತು.

ನನ್ನ ವರದಿ ಸರಿಯಾಗಿತ್ತು. ಅದರಿಂದ ಸಂತೋಷವಾಗಬೇಕಿತ್ತು, ಆಗಲಿಲ್ಲ. ಮಾಸ್ತರರು ಗುಂಡಿಯ ಅಂಚಿಗೆ ಬಂದು ಬಗ್ಗಿ ನೋಡಿದರು. "ಹೆಂಗ ಸಾಧ್ಯ," ಎಂದು ತಮ್ಮಷ್ಟಕ್ಕೆ ಅಂದರು. ಖಾನಾವಳಿಯ ಅಕ್ಕ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಹೊರಡುವವರಂತೆ ನಿಂತರು.

ಚಾಚಾ ಗುಂಡಿಗೆ ಇಳಿದರು. ಅಂಗೈಯಿಂದ ಕಲ್ಲು ಸವರಿ ಮಣ್ಣು ತೆಗೆದರು. ಒಂದು ಕಲ್ಲು, ಇನ್ನೊಂದು ಕಲ್ಲು. ಆಮೇಲೆ ಹಾರೆಯ ತುದಿಯಿಂದ ಅಡ್ಡಕ್ಕೆ, ಮನೆಯ ಕಡೆಗೆ ಮೆಲ್ಲಗೆ ಕೆದಕಿದರು.

"ಬಾಯಾರ, ಕೆಳಗ ಇಳೀರಿ. ಇದು ಬಚ್ಚಲದ ಪಾಯಾರಿ, ಮನೀದಲ್ಲ. ನೋಡ್ರಿ, ಇಲ್ಲೆ ಕಾಡಗಲ್ಲು ಸುಮ್ನ ಒಟ್ಟ್ಯಾರ. ಇದರ ಹಿಂದ ನೋಡ್ರಿ, ಉಳಿ ಪೆಟ್ಟಿನ ಕಲ್ಲು. ಸಾಲು ಹಿಡದು ಕೂಡಿಸ್ಯಾರ. ಇದರ ಗೌಂಡಿ ಬ್ಯಾರೆ, ಅದರ ಗೌಂಡಿ ಬ್ಯಾರೆ."

ಇಳಿದು ನೋಡಿದೆ. ಒರಟು ಕಲ್ಲಿನ ಹಿಂದೆ ನಾಲ್ಕು ಬೆರಳಿನ ಸಂದಿ ಬಿಟ್ಟು, ಚಪ್ಪಟೆಯಾಗಿ ಕೆತ್ತಿದ ಇನ್ನೊಂದು ಕಲ್ಲಿನ ಮುಖವಿತ್ತು. ಅದು ಕೆಳಗಿಳಿದು ಮಣ್ಣಿನಲ್ಲಿ ಮರೆಯಾಗಿತ್ತು.

"ಆ ಕಡೆ ಅಗೀರಿ," ಎಂದೆ. ಬಚ್ಚಲಿನಿಂದ ಎಂಟು ಅಡಿ ಆಚೆ, ಮನೆಯ ಗೋಡೆ ಮಾತ್ರ ಇರುವ ಕಡೆ ಎರಡನೇ ಗುಂಡಿ ಶುರುವಾಯಿತು. ಮೂರು ಅಡಿಯಲ್ಲಿ ಕೆತ್ತಿದ ಕಲ್ಲು, ನಾಲ್ಕು ಅಡಿಯಲ್ಲಿ ಕಲ್ಲು, ಐದರಲ್ಲೂ ಕಲ್ಲು. ಬಿಸಿಲು ಏರಿತ್ತು. ಆಳುಗಳು ಸರದಿಯಲ್ಲಿ ಇಳಿದರು. ಮಣ್ಣನ್ನು ಬುಟ್ಟಿಯಲ್ಲಿ ಮೇಲೆ ಸೇದಬೇಕಾಯಿತು. ಆರೂವರೆ ಅಡಿಗೆ ಗುದ್ದಲಿಯ ಸಪ್ಪಳವೇ ಬದಲಾಯಿತು. ಮೇಲೆ ಬಂದ ಬುಟ್ಟಿಯಲ್ಲಿ ಕಪ್ಪಿನ ಬದಲು ಕೆಂಪು ಹಳದಿ ಬೆರೆತ ಗರಸು ಇತ್ತು. ಪಾಯದ ಕೊನೆಯ ಕಲ್ಲು ಆ ಗರಸಿನೊಳಗೆ ಗೇಣು ಹೊಕ್ಕು ಕೂತಿತ್ತು.

ಮಾಸ್ತರರು ಬುಟ್ಟಿಯಿಂದ ಒಂದು ಹಿಡಿ ಗರಸು ತೆಗೆದುಕೊಂಡರು. ಅಂಗಿಗೆ ಮಣ್ಣಾಗುವುದನ್ನೂ ಲೆಕ್ಕಿಸದೆ ಕಟ್ಟೆಯ ಮೇಲೆ ಕೂತರು. "ನೆನಪು ಸುಳ್ಳಾಗಲಿಲ್ಲ ನೋಡ್ರಿ," ಎಂದರು.

ಬಚ್ಚಲಿನ ಕತೆಯೂ ಆಗ ಹೊರಬಂತು. ಅವರಿಗೆ ನವಲಗುಂದದ ಕಡೆಗೆ ವರ್ಗವಾದಾಗ ಮನೆ ಬಾಡಿಗೆಗಿತ್ತು. ಬಾಡಿಗೆಯವರು ಒಳಗೇ ಬಚ್ಚಲು ಬೇಕೆಂದಾಗ ತಮ್ಮನಿಗೆ ಹೇಳಿ ಕಟ್ಟಿಸಿದ್ದರು. ಅದರ ಪಾಯ ಇವರು ಕಂಡಿರಲಿಲ್ಲ. ಯಾವಾಗ ಕಟ್ಟಿಸಿದ್ದೆಂದು ಲೆಕ್ಕ ಹಾಕಿದಾಗ, ಸೀಳು ಕಾಣಿಸಿಕೊಂಡದ್ದು ಅದರ ಮರುವರ್ಷದ ಬೇಸಿಗೆಯಲ್ಲಿ ಎಂದು ತಿಳಿಯಿತು.

ಈಗ ಎಲ್ಲ ಹೊಂದಿಕೊಂಡಿತು. ಬಚ್ಚಲಿನ ಹೊಸ ಗೋಡೆಯನ್ನು ಹಳೆಯದಕ್ಕೆ ಹಲ್ಲು ಕೂಡಿಸಿ, ಇಟ್ಟಿಗೆಯ ನಡುವೆ ಇಟ್ಟಿಗೆ ಸೇರುವಂತೆ ಕಟ್ಟಿದ್ದರು. ಬಚ್ಚಲಿನ ಛಾವಣಿಯ ಒಂದು ಅಂಚನ್ನು ಅಡುಗೆಮನೆಯ ಗೋಡೆಯೊಳಗೆ ತೂರಿಸಿದ್ದರು. ಹಳೆಯ ಮನೆ ಗರಸಿನ ಮೇಲೆ ಅಲುಗದೆ ನಿಂತಿದ್ದರೆ, ಬಚ್ಚಲು ಎರೆಯ ಮೇಲೆ ಏರಿಳಿಯುತ್ತ ಪ್ರತಿ ವರ್ಷ ಅದರ ಮೂಲೆಯನ್ನು ಜಗ್ಗುತ್ತಿತ್ತು. ಖಾತ್ರಿ ಮಾಡಿಕೊಳ್ಳಲು ನಾಲ್ಕು ಮೂಲೆಗಳಲ್ಲೂ ಗಿಲಾಯಿ ಕೆತ್ತಿ, ಕಟ್ಟೆಯ ಕಲ್ಲಿನ ಸಾಲಿಗೆ ಲೆವೆಲ್ ಪೈಪು ಹಿಡಿದೆವು. ನಾಲ್ಕೂ ಒಂದೇ ಮಟ್ಟ. ಮೊದಲ ಸಲ ನಾನು ಅಳೆದದ್ದು ಬರೀ ನೆಲ. ಅದು ಎರೆಯ ಮೇಲೆ ಹಾಸಿದ ಫರಸಿ ಕಲ್ಲು, ಗೋಡೆಗೂ ಅದಕ್ಕೂ ಸಂಬಂಧವಿಲ್ಲ.

ಅಲ್ಲೇ ಕಟ್ಟೆಯ ಮೇಲೆ ಕೂತು ಎರಡನೇ ವರದಿ ಬರೆದೆ. ಮೊದಲ ಸಾಲು: "ಈ ಹಿಂದಿನ ನನ್ನ ವರದಿಯನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಆಗ ಪಾಯವನ್ನು ನಾನು ನೋಡಿರಲಿಲ್ಲ." ಆಮೇಲೆ ಎರಡು ಗುಂಡಿಗಳ ಅಳತೆ, ಕಲ್ಲಿನ ವ್ಯತ್ಯಾಸ, ಮಾಡಬೇಕಾದ ಕೆಲಸ. ಬಚ್ಚಲನ್ನು ಬೇರ್ಪಡಿಸಿ ತೆಗೆಯುವುದು, ನೀರನ್ನು ಪೈಪಿನಲ್ಲಿ ಗಟಾರಕ್ಕೆ ಒಯ್ಯುವುದು, ಒಂದು ಮಳೆಗಾಲ ಸೀಳು ಅಲುಗುತ್ತದೆಯೇ ನೋಡುವುದು, ಆಮೇಲೆ ಅದನ್ನು ಹೊಸ ಇಟ್ಟಿಗೆಗಳಿಂದ ಹೊಲಿಯುವುದು.

ಖಾನಾವಳಿಯ ಅಕ್ಕ ಕಾಗದ ತೆಗೆದುಕೊಂಡರು. ಓದುವ ಮೊದಲು ನನ್ನ ಮುಖ ನೋಡಿದರು.

"ನೀವ ಆಗಿದ್ರ ತಗೋತಿದ್ರೇನ್ರಿ?"

ಇಂಥ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಉತ್ತರಿಸುವುದಿಲ್ಲ. "ನಿರ್ಧಾರ ನಿಮ್ಮದು" ಎಂದು ಜಾರಿಕೊಳ್ಳುತ್ತೇವೆ.

"ತಗೋತಿದ್ದೆರಿ," ಎಂದೆ. "ಬಚ್ಚಲಾ ತೆಗೆಸಿ, ಮಳಿಗಾಲ ಕಳದ ಮ್ಯಾಲ ತಗೋತಿದ್ದೆ."

ಆಕೆ ಮಾಸ್ತರರ ಕಡೆ ತಿರುಗಿದರು. "ಮಳಿಗಾಲ ಮುಗಿಯೂತನಕ ಕಾಯ್ತೀರೇನ್ರಿ ಮಾಸ್ತರ್ರ?"

ಮಾಸ್ತರರು ಕೈಯಲ್ಲಿದ್ದ ಗರಸನ್ನು ಗುಂಡಿಗೆ ಚೆಲ್ಲಿ ಕೈ ಕೊಡವಿದರು. "ಕೆಡವೋರಿಗೆ ಕೊಡೂದಿಲ್ಲ. ಕಾಯ್ತೇನಿ. ಬಚ್ಚಲಾನೂ ನಾನ ತೆಗಸ್ತೇನಿ, ಕಟ್ಟಿಸಿದಾಂವ ನಾನ ಅಲ್ಲೇನು." ಸಂತೆಯ ದಿನ ಬಂದ ವ್ಯಾಪಾರಿಯನ್ನು ಚಹಾ ಕುಡಿಸಿ ಕಳಿಸಿದರೆಂದು ಕೇಳಿದೆ.

ಜೂನ್ ಮೊದಲ ವಾರದಲ್ಲಿ ಬಚ್ಚಲು ಬಿಚ್ಚಿದೆವು. ಸುತ್ತಿಗೆಯಿಂದ ಬಡಿದರೆ ಸೀಳು ದೊಡ್ಡದಾಗುವ ಭಯವಿತ್ತು. ಮೊದಲು ಅಡುಗೆಮನೆಯ ಛಾವಣಿಗೆ ಒಳಗಿನಿಂದ ಕಂಬಗಳ ಆಸರೆ ಕೊಟ್ಟೆವು. ಗೋಡೆಗೆ ಹೊಂದಿದ ಕಡೆ ಛಾವಣಿಯನ್ನು ಕಟಿಂಗ್ ಮಷಿನಿನಲ್ಲಿ ಕೊಯ್ದು ಬೇರ್ಪಡಿಸಿದೆವು. ಹಲ್ಲು ಕೂಡಿಸಿದ ಇಟ್ಟಿಗೆಗಳನ್ನು ಚಾಚಾ ಒಂದೊಂದಾಗಿ ಉಳಿಯಿಂದ ಬಿಡಿಸಿದರು. ಕೊನೆಯ ಇಟ್ಟಿಗೆ ಬಂದಾಗ ಗೋಡೆಯೊಳಗೆ ಸಣ್ಣಗೆ ಟಕ್ ಎಂದಿತು. ಎಲ್ಲರೂ ಹಿಂದೆ ಸರಿದೆವು, ಚಾಚಾ ಸರಿಯಲಿಲ್ಲ. "ಉಸರ ಬಿಡ್ತ್ರಿ ಅದು," ಎಂದರು.

ಸೀಳಿನ ಅಡ್ಡಲಾಗಿ ಮೂರು ಕಡೆ ತೆಳುವಾದ ಗಾಜಿನ ಪಟ್ಟಿಗಳನ್ನು ಗಚ್ಚಿನಿಂದ ಅಂಟಿಸಿದೆ. ಗೋಡೆ ಅಲುಗಿದರೆ ಗಾಜು ಮುರಿಯುತ್ತದೆ. ಅದರ ಜೊತೆಗೆ ಸೀಳಿನ ಎರಡೂ ಬದಿಗೆ ಜೋಡಿ ಮೊಳೆ ಬಡಿದು, ನಡುವಿನ ಅಂತರವನ್ನು ಕ್ಯಾಲಿಪರಿನಲ್ಲಿ ಅಳೆದು ಗೋಡೆಯ ಮೇಲೇ ತಾರೀಖಿನೊಂದಿಗೆ ಬರೆದೆ.

ಆ ವರ್ಷ ಮಳೆ ಚೆನ್ನಾಗಿ ಹಿಡಿಯಿತು. ಹದಿನೈದು ದಿನಕ್ಕೊಮ್ಮೆ ಹೋಗಿ ಅಳೆಯುತ್ತಿದ್ದೆ. ಅಂಗಳದ ಎರೆ ಚಪ್ಪಲಿಗೆ ಅಂಟಿ ಕಾಲು ಎತ್ತಲಾಗದಂತೆ ಉಬ್ಬಿತ್ತು, ಗೋಡೆ ಸುಮ್ಮನಿತ್ತು. ಜೂನ್ ಕಳೆಯಿತು, ಜುಲೈ ಕಳೆಯಿತು. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ, ಗಾಜು ನೋಡುತ್ತಿರಲು ಮಾಸ್ತರರಿಂದ ಒಂದು ಕೀಲಿ ಪಡೆದಿದ್ದ ಖಾನಾವಳಿಯ ಅಕ್ಕನ ಫೋನು ಬಂತು. ದನಿ ಕುಗ್ಗಿತ್ತು.

"ನಡುವಿನ ಗಾಜು ಒಡದೈತ್ರಿ ಬಾಯಾರ."

ಕುಂದಗೋಳದಿಂದ ಗುಡಗೇರಿಯವರೆಗೆ ಸ್ಕೂಟರಿನ ಮೇಲೆ ಏನೇನು ಯೋಚಿಸಿದೆನೋ ನೆನಪಿಲ್ಲ. ಎರಡನೇ ಸಲವೂ ತಪ್ಪಿದೆನೇ ಎಂಬ ಒಂದು ಮಾತು ಬಿಟ್ಟು. ಹೋಗಿ ನೋಡಿದರೆ ಗಾಜು ಅಡ್ಡಕ್ಕೆ ಮುರಿದಿತ್ತು. ಮೊಳೆಗಳ ನಡುವೆ ಕ್ಯಾಲಿಪರ್ ಹಿಡಿದೆ. ಜೂನಿನ ಅಂಕಿಯೇ ಬಂತು. ನಾನು ಕರೆಸಿದ್ದ ಚಾಚಾ ಹಿಡಿದರು, ಅದೇ ಅಂಕಿ. ಮೂರು ಜೋಡಿಯಲ್ಲೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ಅಷ್ಟರಲ್ಲಿ ಮಾಸ್ತರರು ಕುಬಿಹಾಳದಿಂದ ಬಂದರು. ಬಾಗಿಲಲ್ಲೇ ನಿಂತು, ತಪ್ಪು ಒಪ್ಪಿಕೊಳ್ಳುವ ವಿದ್ಯಾರ್ಥಿಯ ಹಾಗೆ ಹೇಳಿದರು: "ಅದು ನಾನರೀ. ನಿನ್ನೆ ಕಪಾಟ ಹೊರಗ ತಗಿಯೂ ಮುಂದ ಅದರ ಮೂಲಿ ತಾಕ್ತು. ಹೇಳಿದ್ರ ನೀವು ನಂಬ್ತೀರೋ ಇಲ್ಲೋ ಅಂತ ಸುಮ್ನ ಹೋದೆ."

"ನಂಬ್ತೇನ್ರಿ ಮಾಸ್ತರ್ರ," ಎಂದೆ. "ಆದ್ರ ಅಳದೂ ನೋಡ್ತೇನಿ. ಅಳದು ನೋಡಿ ಆತು. ಗ್ವಾಡಿ ಅಲುಗಿಲ್ಲ."

ಅವರು ನಕ್ಕದ್ದನ್ನು ನಾನು ಮೊದಲ ಬಾರಿ ನೋಡಿದೆ. ಖಾನಾವಳಿಯ ಅಕ್ಕ ಗೋಡೆಗೆ ಒರಗಿ ಕೂತುಬಿಟ್ಟರು. ಅದೇ ಗೋಡೆಗೆ.

ಅಕ್ಟೋಬರಿನಲ್ಲಿ ಮಳೆ ಹಿಂದೆ ಸರಿದು ಬಿಸಿಲು ಬಿದ್ದು, ಎರೆ ಮತ್ತೆ ಕುಗ್ಗತೊಡಗಿದಾಗಲೂ ಅಂಕಿ ಬದಲಾಗಲಿಲ್ಲ. ಆಗ ಸೀಳನ್ನು ಹೊಲಿದೆವು. ಸೀಳಿದ ಇಟ್ಟಿಗೆಗಳನ್ನು ಒಂದು ಬಿಟ್ಟು ಒಂದು ತೆಗೆದು ಹೊಸವನ್ನು ಕೂಡಿಸುವುದು, ಐದು ಸಾಲಿಗೊಮ್ಮೆ ಅಡ್ಡಲಾಗಿ ಕಬ್ಬಿಣದ ಸರಳು ಹೂಳುವುದು, ನೀರುಣಿಸಿ ಕಾಯುವುದು. ಹೊಸ ಬಚ್ಚಲು ಗರಸಿನ ಮೇಲಿನ ತನ್ನದೇ ಪಾಯದ ಮೇಲೆ, ಮನೆಯ ಗೋಡೆಯಿಂದ ಒಂದಿಂಚು ದೂರ ನಿಂತಿತು. ಅಡುಗೆಮನೆಯ ನೆಲ ಕಿತ್ತು, ಎರೆ ತೆಗೆದು ಗರಸು ತುಂಬಿ, ಮತ್ತೆ ಫರಸಿ ಹಾಸಿದರು.

ದೀಪಾವಳಿಗೆ ಹನ್ನೊಂದು ದಿನ ಇರುವಾಗ ನೋಂದಣಿಯಾಯಿತು. ಖಾನಾವಳಿಯ ಅಕ್ಕನ ಗಂಡ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್. ಅಂದು ರಜೆ ಹಾಕಿ ಬಂದಿದ್ದರು. ಹೆಸರು ಯಾರದೆಂದು ಕೇಳಿದಾಗ, "ಅಕೀದ ಬರೀರಿ. ದುಡದಾಕಿ ಅಕಿ, ಹುಡುಕ್ಯಾಡಿದಾಕಿ ಅಕಿ," ಎಂದರು. ಆಕೆ ಪ್ರತಿ ಪುಟದಲ್ಲೂ ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಸಹಿ ಮಾಡಿದರು. ಗುಮಾಸ್ತ ಅವಸರ ಮಾಡಿದರೂ ಓದದೆ ಒಂದು ಪುಟವನ್ನೂ ದಾಟಲಿಲ್ಲ.

ಆ ಕೆಲಸದ ನಂತರ ನನ್ನ ವರದಿಯ ನಮೂನೆಯನ್ನು ಬದಲಿಸಿದೆ. ಈಗ ಅದರಲ್ಲಿ ಎರಡು ಭಾಗಗಳಿವೆ: ಕಣ್ಣಾರೆ ನೋಡಿದ್ದು, ನೋಡದೆ ಊಹಿಸಿದ್ದು. ಎರಡನೆಯದು ತುಂಬಿದಷ್ಟೂ ನನಗೆ ನಾಚಿಕೆಯಾಗುತ್ತದೆ, ಹಾಗಾಗಿ ನಾನು ಅಗೆಸುವ ಗುಂಡಿಗಳು ಹೆಚ್ಚಾಗಿವೆ.

ಖಾನಾವಳಿ ಹೊಸ ಜಾಗದಲ್ಲಿ ಶುರುವಾದ ದಿನ ಊಟಕ್ಕೆ ಕರೆದಿದ್ದರು. ಚಾಚಾ, ಅವರ ಆಳುಗಳು, ನಾನು ಒಂದೇ ಸಾಲಿನಲ್ಲಿ ಕೂತೆವು. ಒಳಗೆ ಆರು ಒಲೆ ಉರಿಯುತ್ತಿದ್ದವು, ಹಿಂದಿನ ಗೋಡೆಯ ಬುಡದಲ್ಲಿ ಏಳು ಹೆಂಗಸರು ಸಾಲಾಗಿ ಕೂತು ರೊಟ್ಟಿ ಬಡಿಯುತ್ತಿದ್ದರು. ಅವರ ಮಾತು, ನಗು, ಬಡಿತ ಹೊರಗಿನ ರಸ್ತೆಗೂ ಕೇಳುತ್ತಿತ್ತು. ಯಾರೂ ಯಾರನ್ನೂ ಸುಮ್ಮನಿರಿ ಎನ್ನಲಿಲ್ಲ. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಚಾಚಾ ಆರನೇ ರೊಟ್ಟಿಗೆ ಕೈ ಹಾಕಿದಾಗ ಮಾಸ್ತರರು ಬಂದು ನನ್ನ ಬಾಜು ಕೂತರು. ತಟ್ಟೆ ಮುಟ್ಟುವ ಮೊದಲೇ ಮಾತು ತೆಗೆದರು.

"ನನ್ನ ಮಗಳು ಅಣ್ಣಿಗೇರ್ಯಾಗ ಒಂದು ಮನಿ ನೋಡ್ಯಾಳ್ರಿ. ಮಾಲೀಕ ಅಗದಿ ಗಟ್ಟಿ ಮನಿ ಅಂತಾನ, ಪಾಯಾ ಗರಸಿನ ತನಕಾ ಐತಿ ಅಂತಾನ."

"ಅಗ್ಯಾಕ ಬಿಡ್ತಾರಂತೇನ್ರಿ?"

"ಒಲ್ಲೆ ಅಂದಾನ. ಸಿಟ್ಟಿಗೆದ್ದಾನ." ಮಾಸ್ತರರು ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದಿದರು. "ನೀವು ಚಾಚಾನ ಕರಕೊಂಡು ಸೋಮವಾರ ಬರ್ರಿ. ಅಂವನ ಕೂಡ ಮಾತಾಡೂದು ನನಗ ಬಿಡ್ರಿ."